ಮಾಗಿಯ ಚಳಿಯಲ್ಲಿ ಮೋಟಾರು ಗಾಡಿಗಳನ್ನೂ ಟ್ರಾಕ್ಟರುಗಳನ್ನೂ ತೊಳೆಯುವ ಕ್ರಮ

ಆಯುಧಪೂಜೆಯ ದಿನದಲ್ಲಿ ಟ್ರಾಕ್ಟರು, ಜೀಪು, ಕಾರು ಮುಂತಾದ ಸಕಲ ವಾಹನಗಳನ್ನೂ ಚೆನ್ನಾಗಿ ತೊಳೆದು, ಬಾಳೆಕಂಬ ಕಟ್ಟಿ, ಹೂವಿನ ಹಾರ ಹಾಕಿ ಪೂಜಿಸುವ ಪದ್ಧತಿಯು ನಮ್ಮ ಸೀಮೆಯಲ್ಲಿ ಎಲ್ಲೆಲ್ಲಿಯೂ ಇರುವುದು. ಆದರೆ ಆ ದಿನ ತೊಳೆದ ಗಾಡಿಯನ್ನು ಮತ್ತೆ ಯುಗಾದಿಯ ತನಕ ಯಾರೂ ತೊಳೆಯದೆ ಬಿಡುವುದೂ ಅಷ್ಟೇ ಸಾಮಾನ್ಯವಾಗಿರುವುದು. ಸಂಕ್ರಾಂತಿಯಲ್ಲಿ ಎತ್ತುಗಳ ಮೈ ತೊಳೆದು ಕಿಚ್ಚು ಹಾಯಿಸುವ ರೈತನು, ಅದೇ ಎತ್ತುಗಳ ಕೆಲಸಕ್ಕೆ ಬದಲಾಗಿ ಹಲವು ಲಕ್ಷ ರೂಪಾಯಿಗಳ ಸಾಲ ಮಾಡಿ ಕೊಂಡುತಂದ ಯಂತ್ರದ ಮೈಯನ್ನು ಮರೆಯುತ್ತಾನೆ. ಹೀಗೇಕೆಂದು ಕೇಳಿದರೆ, "ಮಳೆಗಾಲ ಕಳೆಯಿತು, ಕೆಸರಿಲ್ಲ, ಚಳಿಯಲ್ಲಿ ತಣ್ಣೀರು ಮುಟ್ಟುವವರು ಯಾರು? ಒಣಗಾಳಿಯಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವುದುಂಟೆ?" ಎಂಬ ಉತ್ತರವು ಬರುವುದು.

ಈ ಉತ್ತರವು ಕೇಳುವುದಕ್ಕೆ ಸರಿಯಾಗಿ ತೋರಿದರೂ ವಾಸ್ತವವಾಗಿ ಸರಿಯಲ್ಲ. ಮಾಗಿಯ ನಾಲ್ಕು ತಿಂಗಳುಗಳಲ್ಲಿಯೇ ವಾಹನಗಳಿಗೆ ಅತಿ ಹೆಚ್ಚಿನ ದುಡಿಮೆಯು ಒದಗುವುದು. ಬತ್ತದ ಕಟಾವು, ರಾಗಿಯ ಒಕ್ಕಣೆ, ಕಬ್ಬಿನ ಸಾಗಣೆ, ಮಲೆನಾಡಿನಲ್ಲಿ ಕಾಫಿಯ ಹಣ್ಣಿನ ಕೊಯ್ಲು, ಹಿಂಗಾರು ಪೈರುಗಳಿಗೆ ಗೊಬ್ಬರದ ಸಾಗಣೆ, ಇವೆಲ್ಲವೂ ಈ ಕಾಲದಲ್ಲಿಯೇ ನಡೆಯುವುವು. ಆದಕಾರಣ ಈ ಕಾಲದಲ್ಲಿ ಗಾಡಿಯನ್ನು ಏಕೆ ತೊಳೆಯಬೇಕು, ಯಾವ ವೇಳೆಯಲ್ಲಿ ತೊಳೆಯಬೇಕು, ಯಾವ ರೀತಿಯಲ್ಲಿ ತೊಳೆದರೆ ಹಾನಿಯಿಲ್ಲ ಎಂಬ ವಿಷಯಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಇಬ್ಬನಿಯ ಕೆಲಸ

ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕಾದರೆ ಎರಡು ವಸ್ತುಗಳು ಬೇಕು: ಒಂದು ನೀರು, ಇನ್ನೊಂದು ಗಾಳಿಯಲ್ಲಿರುವ ಆಮ್ಲಜನಕ. ಇವೆರಡರ ಜೊತೆಗೆ ಉಪ್ಪಿನ ಅಂಶವು ಸೇರಿದರೆ ತುಕ್ಕು ಬಹಳ ಶೀಘ್ರವಾಗಿ ಹಬ್ಬುವುದು. ಚಳಿಗಾಲದಲ್ಲಿ ಮಳೆಯಿಲ್ಲದಿದ್ದರೂ ನೀರಿಗೆ ಕೊರತೆಯಿಲ್ಲ. ಹೇಗೆಂದರೆ, ರಾತ್ರಿಯ ವೇಳೆ ಬಯಲಿನಲ್ಲಿ ನಿಂತ ಗಾಡಿಯ ತಗಡು ಸುತ್ತಣ ಗಾಳಿಗಿಂತಲೂ ಬೇಗನೆ ತಣ್ಣಗಾಗುವುದು. ತಣ್ಣಗಾದ ತಗಡಿಗೆ ತಗುಲಿದ ಗಾಳಿಯು ತನ್ನಲ್ಲಿರುವ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಹನಿಹನಿಯಾಗಿ ಅದರ ಮೇಲೆ ಬಿಡುವುದು. ಇದೇ ಇಬ್ಬನಿ. ಬೆಳಗಿನ ಜಾವದಲ್ಲಿ ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೈಯಿಟ್ಟರೆ ಅಂಗೈ ಪೂರ್ತಿಯಾಗಿ ಒದ್ದೆಯಾಗುವುದನ್ನು ಎಲ್ಲರೂ ಬಲ್ಲರು.

ಮಳೆಗೂ ಇಬ್ಬನಿಗೂ ಒಂದು ಮುಖ್ಯವಾದ ವ್ಯತ್ಯಾಸವಿರುವುದು. ಮಳೆಯು ಗಾಡಿಯನ್ನು ನೆನೆಸುವುದು, ಜೊತೆಗೆ ಅದರ ಮೇಲಿನ ಕೊಳೆಯನ್ನೂ ಉಪ್ಪನ್ನೂ ಕೊಚ್ಚಿಕೊಂಡು ಹೋಗುವುದು. ಇಬ್ಬನಿಯಾದರೋ ನೆನೆಸುವುದೇ ಹೊರತು ತೊಳೆಯುವುದಿಲ್ಲ. ಹಗಲೆಲ್ಲಾ ಅಂಟಿದ ಧೂಳು, ಗೊಬ್ಬರದ ಪುಡಿ, ಕಬ್ಬಿನ ರಸ, ಇವು ರಾತ್ರಿ ಇಬ್ಬನಿಯಲ್ಲಿ ಕರಗಿ, ತಗಡಿನ ಮಡಿಕೆಗಳಲ್ಲಿಯೂ ಬೆಸುಗೆಯ ಸಂದುಗಳಲ್ಲಿಯೂ ಇಳಿದು, ಬೆಳಿಗ್ಗೆ ಅಲ್ಲಿಯೇ ಒಣಗುವುವು. ಮರುದಿನ ರಾತ್ರಿ ಮತ್ತೆ ಕರಗುವುವು. ಹೀಗೆ ದಿನವೂ ಒಂದು ಸಾರಿ ನೆನೆದು ಒಂದು ಸಾರಿ ಒಣಗುವ ಕಬ್ಬಿಣವು ಒಂದೇ ಸಮನಾಗಿ ನೀರಿನಲ್ಲಿ ಮುಳುಗಿರುವ ಕಬ್ಬಿಣಕ್ಕಿಂತಲೂ ಬೇಗನೆ ಸವೆಯುವುದು. ಮಳೆಗಾಲಕ್ಕಿಂತಲೂ ಚಳಿಗಾಲದಲ್ಲಿ ಗಾಡಿಯನ್ನು ತೊಳೆಯುವುದು ಹೆಚ್ಚು ಆವಶ್ಯಕವೆಂಬುದಕ್ಕೆ ಇದೇ ಮುಖ್ಯ ಕಾರಣವು.

ಹಿಮ ಬೀಳುವ ದೇಶಗಳ ಅನುಭವ

ಈ ವಿಷಯದಲ್ಲಿ ಹಿಮ ಬೀಳುವ ದೇಶಗಳ ಜನರು ಕಲಿತ ಪಾಠವನ್ನು ನಾವೂ ತಿಳಿದುಕೊಳ್ಳುವುದು ಒಳ್ಳೆಯದು. ಅಮೆರಿಕ, ಕೆನಡ ಮೊದಲಾದ ದೇಶಗಳಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲೆ ನೀರು ಹೆಪ್ಪುಗಟ್ಟಿ, ವಾಹನಗಳು ಜಾರಿ ಅಪಘಾತಗಳಾಗುವುವು. ಉಪ್ಪು ಬೆರೆತ ನೀರು ಸಾದಾ ನೀರಿನಂತೆ 0 ಡಿಗ್ರಿಯಲ್ಲಿ ಹೆಪ್ಪುಗಟ್ಟದೆ ಅದಕ್ಕಿಂತಲೂ ಕೆಳಗಿನ ಉಷ್ಣತೆಯಲ್ಲಿ ಹೆಪ್ಪುಗಟ್ಟುವುದರಿಂದ, ಅಲ್ಲಿನವರು ರಸ್ತೆಗಳ ಮೇಲೆ ಉಪ್ಪನ್ನು ಚೆಲ್ಲುವರು. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ 1938ರಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಈ ಪದ್ಧತಿಯು ಕ್ರಮೇಣ ಎಲ್ಲಾ ಕಡೆಗೂ ಹಬ್ಬಿತು. ಇದರಿಂದ ರಸ್ತೆಗಳು ಸುರಕ್ಷಿತವಾದುವಾದರೂ, ಉಪ್ಪುನೀರು ಗಾಡಿಗಳ ಅಡಿಭಾಗಕ್ಕೆ ಎರಚಿ, ಚಾಸಿ, ಬ್ರೇಕಿನ ಕೊಳವೆಗಳು, ಬಾಗಿಲಿನ ತಳಭಾಗಗಳು ತುಕ್ಕು ಹಿಡಿದು ತೂತಾಗತೊಡಗಿದುವು. ಆದಕಾರಣ ಅಲ್ಲಿಯ ಜನರು ಕೊರೆಯುವ ಚಳಿಯಲ್ಲಿಯೂ ಗಾಡಿಯ ಅಡಿಭಾಗವನ್ನು ಆಗಾಗ್ಗೆ ತೊಳೆಯುವ ಅಭ್ಯಾಸವನ್ನು ಮಾಡಿಕೊಂಡಿರುವರು.

ಅವರು ಅನುಸರಿಸುವ ನಿಯಮಗಳು ಇವು. ಉಷ್ಣತೆಯು ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೇಲೇರಿದ ದಿನವನ್ನು ನೋಡಿ, ಆ ದಿನದ ಮಧ್ಯಾಹ್ನದಲ್ಲಿ ತೊಳೆಯುವರು. ರಾತ್ರಿ ಚಳಿ ಬೀಳುವುದರೊಳಗಾಗಿ ಒಣಗಿಸುವರು. ಉಗುರುಬೆಚ್ಚಗಿನ ನೀರನ್ನು ಉಪಯೋಗಿಸುವರೇ ಹೊರತು ಕುದಿಯುವ ನೀರನ್ನಲ್ಲ. ಏಕೆಂದರೆ ತಣ್ಣಗೆ ಕೊರೆಯುತ್ತಿರುವ ಗಾಜಿನ ಮೇಲೆ ಕುದಿನೀರು ಬಿದ್ದರೆ ಗಾಜು ಸೀಳುವುದು. ಬಾಗಿಲಿನ ರಬ್ಬರು ಪಟ್ಟಿಗಳನ್ನೂ ಬೀಗದ ಕಂಡಿಗಳನ್ನೂ ಒರಸಿ ಒಣಗಿಸುವರು. ಇಲ್ಲದಿದ್ದರೆ ಅಲ್ಲಿ ನಿಂತ ನೀರು ಹೆಪ್ಪುಗಟ್ಟಿ ಬಾಗಿಲು ತೆರೆಯದೆ ಹೋಗುವುದು. ಉಪ್ಪು ಅಂಟಿದ ಗಾಡಿಯನ್ನು ತೊಳೆಯದೆ ಬೆಚ್ಚಗಿನ ಕೊಟ್ಟಿಗೆಯಲ್ಲಿ ನಿಲ್ಲಿಸುವುದು ತಪ್ಪೆಂಬುದನ್ನೂ ಅವರು ಕಂಡುಕೊಂಡಿರುವರು. ಹೊರಗಿನ ಕಡುಚಳಿಯಲ್ಲಿ ಮಂದವಾಗಿದ್ದ ತುಕ್ಕು ಒಳಗಿನ ಬೆಚ್ಚಗೆಗೆ ಬಂದೊಡನೆ ಚುರುಕಾಗುವುದೇ ಇದಕ್ಕೆ ಕಾರಣವು.

ನಮ್ಮ ಕನ್ನಡ ನಾಡಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲ. ಬೆಂಗಳೂರಿನಲ್ಲಿ ದಾಖಲೆಯಾಗಿರುವ ಅತಿ ಕಡಿಮೆ ಉಷ್ಣತೆಯೇ 1884ನೆಯ ಜನವರಿ 13ರ 7.8 ಡಿಗ್ರಿ ಸೆಂಟಿಗ್ರೇಡು. ಆದುದರಿಂದ ಬೀಗ ಹೆಪ್ಪುಗಟ್ಟುವ ಭಯವು ನಮಗಿಲ್ಲ. ಆದರೆ ಉಪ್ಪಿನ ಭಯವು ಇಲ್ಲವೆಂದು ಯಾರೂ ತಿಳಿಯಕೂಡದು.

ನಮ್ಮ ಗಾಡಿಗಳ ಮೇಲೆ ಬೀಳುವ ಉಪ್ಪು

ರೈತರು ಪೊಟ್ಯಾಷ್ ಎಂದು ಕರೆಯುವ ಕೆಂಪು ಅಥವಾ ಬಿಳಿಯ ಗೊಬ್ಬರವು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣವು. ಅಡಿಗೆಯ ಉಪ್ಪು ಸೋಡಿಯಂ ಕ್ಲೋರೈಡ್ ಎಂಬ ಲವಣವು. ಇವೆರಡೂ ಒಂದೇ ಕುಲಕ್ಕೆ ಸೇರಿದುವು. ಪೊಟ್ಯಾಷ್ ಗೊಬ್ಬರದ 100 ಭಾಗ ತೂಕದಲ್ಲಿ ಸುಮಾರು 45 ಭಾಗದಷ್ಟು ಕ್ಲೋರೈಡ್ ಇರುವುದು. ಕಬ್ಬಿಣವನ್ನು ತಿನ್ನುವುದು ಈ ಕ್ಲೋರೈಡೇ. ಅಮೋನಿಯಂ ಸಲ್ಫೇಟ್ ಗೊಬ್ಬರವು ನೀರಿನಲ್ಲಿ ಕರಗಿದಾಗ ಆಮ್ಲಗುಣವನ್ನು ತೋರಿ ಅದೂ ಲೋಹವನ್ನು ತಿನ್ನುವುದು. ಯೂರಿಯವು ಗಾಳಿಯ ತೇವವನ್ನು ಹೀರಿ ತಾನೇ ನೀರಾಗಿ ಸಂದುಗಳಿಗೆ ಇಳಿಯುವುದು.

ಈಗ ಒಬ್ಬ ಜಮೀನುದಾರನು ಹರಿದ ಚೀಲಗಳಿದ್ದ ಪೊಟ್ಯಾಷ್ ಗೊಬ್ಬರವನ್ನು ಟ್ರೈಲರಿನಲ್ಲಿ ಹೇರಿ ತಂದನೆಂದು ಇಟ್ಟುಕೊಳ್ಳೋಣ. ಚೀಲಗಳನ್ನು ಇಳಿಸಿದ ಮೇಲೆ ತಳದ ತಗಡಿನ ಮೇಲೆ ಒಂದೆರಡು ಬೊಗಸೆಯಷ್ಟು ಪುಡಿಯು ಉಳಿಯುವುದು. ಗಾಡಿಯನ್ನು ಹಾಗೆಯೇ ಬಯಲಿನಲ್ಲಿ ನಿಲ್ಲಿಸಿದರೆ ಆ ರಾತ್ರಿಯ ಇಬ್ಬನಿಯಲ್ಲಿ ಪುಡಿಯು ಕರಗಿ, ತಗಡಿನ ಸಂದುಗಳ ಮೂಲಕ ಕೆಳಗಿಳಿದು, ಚಾಸಿಯ ಮೇಲೂ, ಪಟ್ಟಾಗಳ ಎಲೆಗಳ ನಡುವೆಯೂ, ಟ್ರಾಕ್ಟರಿಗೆ ಟ್ರೈಲರನ್ನು ಕೂಡಿಸುವ ಕೊಂಡಿಯ ಮೇಲೂ ಸೇರುವುದು. ಹಿಮದ ದೇಶದ ರಸ್ತೆಯಲ್ಲಿ ಏನು ನಡೆಯುವುದೋ ಅದೇ ಕಾರ್ಯವು ಇಲ್ಲಿ ಈತನ ಅಂಗಳದಲ್ಲಿ ನಡೆಯುವುದು. ತಳದ ತಗಡು ತೂತಾದರೆ ನಷ್ಟವು ಹಣದ್ದು ಮಾತ್ರ. ಕೊಂಡಿಯು ಸವೆದು ತುಂಬಿದ ಕಬ್ಬಿನ ಗಾಡಿಯು ಏರಿಯ ಮೇಲೆ ಕಳಚಿಕೊಂಡರೆ ನಷ್ಟವು ಪ್ರಾಣದ್ದಾಗಬಹುದು.

ಗೊಬ್ಬರದಂತೆಯೇ ಕಬ್ಬಿನ ರಸವೂ ಕಾಫಿಯ ಹಣ್ಣಿನ ಲೋಳೆಯೂ ಕೇಡನ್ನುಂಟುಮಾಡುವುವು. ಇವುಗಳಲ್ಲಿರುವ ಸಕ್ಕರೆಯು ಹುಳಿತು ಆಮ್ಲವಾಗಿ ಬಣ್ಣವನ್ನೂ ಲೋಹವನ್ನೂ ಕೆಡಿಸುವುದಲ್ಲದೆ, ಇರುವೆಗಳನ್ನೂ ಇಲಿಗಳನ್ನೂ ಕರೆಯುವುದು. ಸಿಹಿಯ ವಾಸನೆಗೆ ಬಂದ ಇಲಿಗಳು ಬೆಚ್ಚಗಿನ ಯಂತ್ರದ ಸಂದಿನಲ್ಲಿ ಸೇರಿ ವಿದ್ಯುತ್ತಿನ ತಂತಿಗಳನ್ನು ಕಡಿಯುವುವು. ಬೆಳಿಗ್ಗೆ ಯಂತ್ರವು ಹೊರಡದಿದ್ದಾಗ ಚಳಿಯನ್ನು ದೂರುವುದಕ್ಕೆ ಮುಂಚೆ ತಂತಿಗಳನ್ನೂ ಒಮ್ಮೆ ನೋಡತಕ್ಕದ್ದು.

ತೊಳೆಯತಕ್ಕ ವೇಳೆ

ಚಳಿಗಾಲದಲ್ಲಿ ಗಾಡಿಯನ್ನು ತೊಳೆಯುವುದಕ್ಕೆ ಯೋಗ್ಯವಾದ ವೇಳೆಯು ಇಬ್ಬನಿ ಆರಿದ ಮೇಲೆ, ಎಂದರೆ ಬೆಳಿಗ್ಗೆ ಸುಮಾರು 10 ಘಂಟೆಯಿಂದ ಮಧ್ಯಾಹ್ನ 2 ಘಂಟೆಯವರೆಗೆ. ಆ ವೇಳೆಯಲ್ಲಿ ತೊಳೆದರೆ ಸಂಜೆಯ ಒಳಗಾಗಿ ಸಂದುಗೊಂದುಗಳಲ್ಲಿನ ನೀರು ಒಣಗುವುದಕ್ಕೆ ಮೂರು ನಾಲ್ಕು ಘಂಟೆಗಳ ಬಿಸಿಲು ದೊರೆಯುವುದು. ಹೊಲದಿಂದ ಹಿಂದಿರುಗಿದ ಕೂಡಲೇ ಸಂಜೆ ತೊಳೆಯುವ ಪದ್ಧತಿಯು ಎರಡು ಕಾರಣಗಳಿಂದ ಒಳ್ಳೆಯದಲ್ಲ. ಮೊದಲನೆಯದು, ತೊಳೆದ ನೀರು ಆರುವ ಮುನ್ನವೇ ಇಬ್ಬನಿ ಬೀಳುವುದರಿಂದ ಗಾಡಿಯು ಇಡೀ ರಾತ್ರಿ ಒದ್ದೆಯಾಗಿಯೇ ಇರುವುದು. ಎರಡನೆಯದು, ಆಗ ಯಂತ್ರವು ಬಿಸಿಯಾಗಿರುವುದು. ಇದರ ಅಪಾಯವನ್ನು ಮುಂದೆ ಹೇಳಿದೆ.

ಸಾಧಾರಣ ಕೆಲಸದಲ್ಲಿರುವ ಗಾಡಿಗೆ ಹದಿನೈದು ದಿವಸಗಳಿಗೊಂದು ಸಾರಿ ಪೂರ್ತಿಯಾದ ತೊಳೆತವು ಸಾಕು. ಗೊಬ್ಬರವನ್ನು ಹೇರಿದ ಟ್ರೈಲರನ್ನು ಮಾತ್ರ ಅದೇ ದಿನ ಗುಡಿಸಿ, ಮರುದಿನ ತಪ್ಪದೆ ತೊಳೆಯತಕ್ಕದ್ದು. ಕಬ್ಬು ಸಾಗಿಸುವ ಗಾಡಿಗಳನ್ನು ವಾರಕ್ಕೊಮ್ಮೆ ತೊಳೆಯುವುದು ಮೇಲು.

ಬಿಸಿಯ ಯಂತ್ರಕ್ಕೆ ತಣ್ಣೀರು ಹಾಕಕೂಡದು

ಯಂತ್ರವು ಕೆಲಸ ಮಾಡುತ್ತಿರುವಾಗ ಅದರೊಳಗಿನ ನೀರಿನ ಉಷ್ಣತೆಯು ಸುಮಾರು 80ರಿಂದ 90 ಡಿಗ್ರಿಯವರೆಗೆ ಇರುವುದು. ಹೊಗೆ ಹೋಗುವ ಬೀಡುಕಬ್ಬಿಣದ ಕೊಳವೆಯಾದರೋ ಇದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ, ನೂರಾರು ಡಿಗ್ರಿಗಳವರೆಗೆ ಕಾಯುವುದು. ಒಂದು ಮೀಟರು ಉದ್ದದ ಬೀಡುಕಬ್ಬಿಣದ ಸರಳನ್ನು 100 ಡಿಗ್ರಿಯಷ್ಟು ಕಾಯಿಸಿದರೆ ಅದು ಸುಮಾರು 1.1 ಮಿಲಿಮೀಟರಿನಷ್ಟು ಉದ್ದವಾಗುವುದು. ತಣ್ಣಗಾದರೆ ಅಷ್ಟೇ ಕುಗ್ಗುವುದು. ಎಲ್ಲಾ ಭಾಗಗಳೂ ಒಟ್ಟಿಗೆ ನಿಧಾನವಾಗಿ ಕುಗ್ಗಿದರೆ ತೊಂದರೆಯಿಲ್ಲ. ಆದರೆ ಕಾದ ಯಂತ್ರದ ಒಂದು ಪಕ್ಕಕ್ಕೆ ಮಾಗಿಯ ತಣ್ಣೀರನ್ನು ಫಕ್ಕನೆ ಎರಚಿದರೆ, ನೀರು ಬಿದ್ದ ಭಾಗವು ಕೂಡಲೇ ಕುಗ್ಗುವುದು, ಉಳಿದ ಭಾಗವು ಹಾಗೆಯೇ ನಿಲ್ಲುವುದು. ಬೀಡುಕಬ್ಬಿಣವು ಮೆತುಕಬ್ಬಿಣದಂತೆ ಬಾಗುವ ಲೋಹವಲ್ಲ. ಎಳೆತವನ್ನು ತಾಳಲಾರದೆ ಸೀಳುವುದು. ಒಲೆಯ ಮೇಲೆ ಕಾದ ಮಡಕೆಗೆ ತಣ್ಣೀರು ಸುರಿದರೆ ಆಗುವಂತೆಯೇ ಇದೂ ಆಗುವುದು.

ಆದಕಾರಣ ಯಂತ್ರವನ್ನು ನಿಲ್ಲಿಸಿ, ಅದು ಕೈಯಿಂದ ಮುಟ್ಟುವಷ್ಟು ತಣ್ಣಗಾದ ಮೇಲೆಯೇ ನೀರು ಹಾಕತಕ್ಕದ್ದು. ರಾತ್ರಿಯೆಲ್ಲಾ ನಿಂತ ಗಾಡಿಯನ್ನು ಮರುದಿನ ತೊಳೆಯುವುದಾದರೆ ಈ ಚಿಂತೆಯೇ ಇರುವುದಿಲ್ಲ. ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳವನ್ನು ತೆಗೆದು ತಣ್ಣೀರು ತುಂಬುವುದೂ ಇದೇ ಬಗೆಯ ತಪ್ಪು. ಇದರಲ್ಲಿ ಯಂತ್ರವು ಸೀಳುವುದಲ್ಲದೆ ಮೇಲೆ ಚಿಮ್ಮುವ ಹಬೆಯಿಂದ ಮುಖ ಸುಡುವ ಅಪಾಯವೂ ಇರುವುದು. ಇದಕ್ಕೆ ವಿರುದ್ಧವಾಗಿ, ಮಂಜು ಕವಿದ ಮುಂದಿನ ಗಾಜನ್ನು ಬೇಗ ಶುಚಿ ಮಾಡಬೇಕೆಂದು ಹಂಡೆಯ ಬಿಸಿನೀರನ್ನು ಸುರಿಯುವುದೂ ಕೂಡದು. ಒಣ ಬಟ್ಟೆಯಿಂದ ಒರಸಿದರೆ ಸಾಕು.

ತೊಳೆಯತಕ್ಕ ಕ್ರಮ

ಮೊದಲನೆಯದಾಗಿ, ನೀರು ಮುಟ್ಟಿಸುವುದಕ್ಕೆ ಮುಂಚೆ ಒಣ ಕಸವನ್ನು ಗುಡಿಸಬೇಕು. ಹುಲ್ಲು, ಹೊಟ್ಟು, ಧೂಳು, ಗೊಬ್ಬರದ ಪುಡಿ, ಇವುಗಳಿಗೆ ನೀರು ಬಿದ್ದರೆ ಗೊಜ್ಜಿನಂತಾಗಿ ಸಂದುಗಳಲ್ಲಿ ಮೆತ್ತಿಕೊಳ್ಳುವುವು. ಬತ್ತ ಕೊಯ್ಯುವ ದೊಡ್ಡ ಯಂತ್ರಗಳ ವಿಷಯದಲ್ಲಿ ಈ ನಿಯಮವು ಇನ್ನೂ ಮುಖ್ಯವಾದುದು.

ಎರಡನೆಯದಾಗಿ, ನೀರು ಹೋಗಬಾರದ ಬಾಯಿಗಳನ್ನು ಮುಚ್ಚಬೇಕು. ಗಾಳಿ ಶೋಧಕದ ಬಾಯಿ, ಹೊಗೆಕೊಳವೆಯ ತುದಿ, ಡೀಸೆಲ್ ತೊಟ್ಟಿಯ ಮುಚ್ಚಳ, ಎಣ್ಣೆಯ ಮಟ್ಟ ನೋಡುವ ಕಡ್ಡಿಯ ತೂತು, ಇವುಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟತಕ್ಕದ್ದು. ಗಾಳಿಯ ಬಾಯಿಯ ಮೂಲಕ ಸಿಲಿಂಡರಿನೊಳಗೆ ನೀರು ಸೇರಿದರೆ, ನೀರು ಗಾಳಿಯಂತೆ ಅದುಮಲ್ಪಡುವ ವಸ್ತುವಲ್ಲವಾದುದರಿಂದ, ಯಂತ್ರವನ್ನು ತಿರುಗಿಸಿದ ಕೂಡಲೇ ಒಳಗಿನ ದಂಡವು ಬಾಗುವುದು. ಬ್ಯಾಟರಿ, ಸೆಲ್ಫ್ ಮೋಟಾರು, ಡೈನಮೋ, ಇವುಗಳಿಗೂ ಹೊದಿಕೆ ಹಾಕುವುದು ಆವಶ್ಯಕವು. ತೊಳೆತವು ಮುಗಿದ ಮೇಲೆ ಈ ಕಟ್ಟುಗಳೆಲ್ಲವನ್ನೂ ಬಿಚ್ಚುವುದನ್ನು ಮರೆಯಕೂಡದು.

ಮೂರನೆಯದಾಗಿ, ಅಡಿಭಾಗದಿಂದ ಆರಂಭಿಸಬೇಕು. ಕಣ್ಣಿಗೆ ಕಾಣುವ ಮೇಲ್ಭಾಗವನ್ನು ಹೊಳೆಯುವಂತೆ ಮಾಡಿ ಅಡಿಯನ್ನು ಬಿಡುವುದು ಸಾಮಾನ್ಯವಾದ ಅಭ್ಯಾಸವು. ಆದರೆ ತುಕ್ಕು ಹಿಡಿಯುವುದು ಅಡಿಯಲ್ಲಿಯೇ. ಮಡ್‌ಗಾರ್ಡಿನ ಒಳಮೈ, ಚಾಸಿಯ ಮೂಲೆಗಳು, ಪಟ್ಟಾಗಳು, ಕೊಂಡಿ, ಚಕ್ರದ ಒಳಮೈ, ಇವುಗಳನ್ನು ಮೊದಲು ನೆನೆಸಿ ಹತ್ತು ನಿಮಿಷ ಬಿಟ್ಟು, ನಾರಿನ ಕುಂಚದಿಂದ ಉಜ್ಜಿ ತೊಳೆಯತಕ್ಕದ್ದು.

ನಾಲ್ಕನೆಯದಾಗಿ, ಬಣ್ಣ ಹಚ್ಚಿದ ಭಾಗಗಳನ್ನು ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಬಟ್ಟೆ ಒಗೆಯುವ ಸೋಡವೂ ಖಾರವಾದ ಸಾಬೂನಿನ ಪುಡಿಯೂ ಬಣ್ಣದ ಹೊಳಪನ್ನು ಕೆಡಿಸುವುವು. ಗಾಡಿ ತೊಳೆಯುವುದಕ್ಕಾಗಿಯೇ ಮಾರುವ ಮೃದುವಾದ ಸಾಬೂನನ್ನು ಬಕೆಟ್ ನೀರಿಗೆ ಸ್ವಲ್ಪವೇ ಸೇರಿಸಿದರೆ ಸಾಕು. ಎರಡು ಬಕೆಟ್‌ಗಳನ್ನು ಇಟ್ಟುಕೊಂಡು, ಒಂದರಲ್ಲಿ ಸಾಬೂನು ನೀರನ್ನೂ ಇನ್ನೊಂದರಲ್ಲಿ ಬಟ್ಟೆಯನ್ನು ಜಾಲಿಸುವ ನೀರನ್ನೂ ಬೇರೆಬೇರೆಯಾಗಿ ಇಟ್ಟರೆ ಮರಳಿನ ಕಣಗಳು ಬಟ್ಟೆಯಲ್ಲಿ ಸೇರಿ ಬಣ್ಣವನ್ನು ಗೀರುವುದಿಲ್ಲ.

ಐದನೆಯದಾಗಿ, ರೇಡಿಯೇಟರಿನ ತೆಳುವಾದ ರೆಕ್ಕೆಗಳಲ್ಲಿ ಸಿಕ್ಕಿದ ಹೊಟ್ಟನ್ನು ಯಂತ್ರದ ಕಡೆಯಿಂದ ಹೊರಕ್ಕೆ ಬರುವಂತೆ ಮೆಲ್ಲಗೆ ನೀರು ಬಿಟ್ಟು ತೆಗೆಯಬೇಕು. ಮುಂದಿನಿಂದ ರಭಸವಾಗಿ ಹೊಡೆದರೆ ಕಸವು ಇನ್ನೂ ಒಳಕ್ಕೆ ಹೋಗುವುದು, ರೆಕ್ಕೆಗಳೂ ಮಡಿಸಿಕೊಳ್ಳುವುವು. ಒತ್ತಡದ ಪಂಪುಗಳನ್ನು ಉಪಯೋಗಿಸುವವರು ಅದರ ಮೂತಿಯನ್ನು ಒಂದು ಅಡಿಗಿಂತ ಹತ್ತಿರಕ್ಕೆ ತರಕೂಡದು. ಬೇರಿಂಗುಗಳ ಎಣ್ಣೆ ತಡೆಯುವ ರಬ್ಬರು ಬಳೆಗಳ ಮೇಲೂ ವಿದ್ಯುತ್ ಭಾಗಗಳ ಮೇಲೂ ಎಂದಿಗೂ ಹೊಡೆಯಕೂಡದು. ಕೊಳವೆಬಾವಿಯ ಪಂಪಿನ ಬಳಿಯಲ್ಲಿ ತೊಳೆಯುವುದಾದರೆ, ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ವಿದ್ಯುತ್ತಿನ ಸ್ವಿಚ್ಚನ್ನೂ ತಂತಿಯನ್ನೂ ಮುಟ್ಟಕೂಡದೆಂದು ಆಳುಗಳಿಗೆ ಕಟ್ಟುನಿಟ್ಟಾಗಿ ಹೇಳತಕ್ಕದ್ದು.

ತೊಳೆದ ಮೇಲೆ ಮಾಡತಕ್ಕ ಕೆಲಸ

ಚಳಿಗಾಲದಲ್ಲಿ ತೊಳೆಯುವುದು ಅರ್ಧ ಕೆಲಸವು, ಒಣಗಿಸುವುದು ಇನ್ನರ್ಧ. ಒಣ ಬಟ್ಟೆಯಿಂದ ಒರಸಿ, ಬಾಗಿಲುಗಳನ್ನೂ ಯಂತ್ರದ ಮುಚ್ಚಳವನ್ನೂ ತೆರೆದಿಟ್ಟು ಬಿಸಿಲಿನಲ್ಲಿ ನಿಲ್ಲಿಸಬೇಕು. ಬಾಗಿಲುಗಳ ತಳದಲ್ಲಿ ನೀರು ಹೊರಟುಹೋಗಲೆಂದು ಬಿಟ್ಟಿರುವ ಸಣ್ಣ ತೂತುಗಳು ಮಣ್ಣಿನಿಂದ ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಬೇಕು. ಅನಂತರ ಎಲ್ಲಾ ಗ್ರೀಸು ಮೂತಿಗಳಿಗೂ ಹಳೆಯ ಗ್ರೀಸು ಹೊರಕ್ಕೆ ಬರುವವರೆಗೆ ಹೊಸ ಗ್ರೀಸನ್ನು ತುಂಬಿದರೆ, ಒಳಗೆ ಸೇರಿದ ನೀರು ಅದರೊಡನೆ ಹೊರಕ್ಕೆ ಬರುವುದು. ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಅಥವಾ ಹಸುರು ಪುಡಿಯು ಕಟ್ಟಿದ್ದರೆ, ತಂತಿಗಳನ್ನು ಬಿಚ್ಚಿ, ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡವನ್ನು ಕಲಸಿ ಆ ನೀರಿನಿಂದ ಉಜ್ಜಿ, ಒಣಗಿಸಿ, ಸ್ವಲ್ಪ ವ್ಯಾಸಲೀನು ಹಚ್ಚತಕ್ಕದ್ದು. ಸೋಡದ ನೀರು ಬ್ಯಾಟರಿಯೊಳಗೆ ಬೀಳದಂತೆ ನೋಡಿಕೊಳ್ಳಬೇಕು. ಚಳಿಯಲ್ಲಿ ಬ್ಯಾಟರಿಯ ಶಕ್ತಿಯು ಸಹಜವಾಗಿಯೇ ಕುಗ್ಗುವುದರಿಂದ ಈ ಶುಚಿಯು ಬೆಳಗಿನ ಜಾವದಲ್ಲಿ ಯಂತ್ರವನ್ನು ಹೊರಡಿಸುವುದಕ್ಕೆ ಬಹಳ ಸಹಾಯಕವು.

ತೊಳೆದ ಗಾಡಿಯ ಅಡಿಗೆ ಡೀಸೆಲನ್ನೋ ಸುಟ್ಟ ಎಣ್ಣೆಯನ್ನೋ ಎರಚಿಸುವ ಪದ್ಧತಿಯು ಕೆಲವು ಕಡೆಗಳಲ್ಲಿ ಇರುವುದು. ಇದರಿಂದ ಒಂದೆರಡು ದಿನ ಅಡಿಭಾಗವು ಕಪ್ಪಾಗಿ ಹೊಸದರಂತೆ ಕಾಣಿಸಿದರೂ, ರಬ್ಬರಿನ ಬುಷ್‌ಗಳು ಉಬ್ಬಿ ಮೆತ್ತಗಾಗಿ ಬೇಗ ಹಾಳಾಗುವುವು. ಧೂಳೂ ಹೆಚ್ಚಾಗಿ ಅಂಟಿಕೊಳ್ಳುವುದು. ಬಣ್ಣ ಎದ್ದುಹೋದ ಕಡೆ ತುಕ್ಕನ್ನು ಉಜ್ಜಿ ತೆಗೆದು, ತುಕ್ಕು ತಡೆಯುವ ಬಣ್ಣವನ್ನು ಹಚ್ಚುವುದೇ ಸರಿಯಾದ ಉಪಾಯವು.

ನೀರು ತಗುಲಿದ ಬ್ರೇಕುಗಳು ಸ್ವಲ್ಪ ಹೊತ್ತು ಸರಿಯಾಗಿ ಹಿಡಿಯುವುದಿಲ್ಲ. ಆದುದರಿಂದ ತೊಳೆದ ಗಾಡಿಯನ್ನು ನೇರವಾಗಿ ಹೆದ್ದಾರಿಗೆ ಒಯ್ಯದೆ, ಜನವಿಲ್ಲದ ಸಮಸ್ಥಳದಲ್ಲಿ ನಿಧಾನವಾಗಿ ನಡೆಸುತ್ತಾ ನಾಲ್ಕೈದು ಸಾರಿ ಬ್ರೇಕನ್ನು ಮೆಲ್ಲಗೆ ಅದುಮಿ ಒಣಗಿಸತಕ್ಕದ್ದು. ಟ್ರಾಕ್ಟರಿನ ಎಡ ಬಲ ಬ್ರೇಕುಗಳೆರಡನ್ನೂ ಕೂಡಿಸುವ ಕೊಂಡಿಯು ರಸ್ತೆಯಲ್ಲಿ ಯಾವಾಗಲೂ ಹಾಕಿರಬೇಕು. ಒಂದು ಕಡೆಯ ಬ್ರೇಕು ಮಾತ್ರ ಒಣಗಿ ಇನ್ನೊಂದು ಒದ್ದೆಯಾಗಿದ್ದರೆ ಗಾಡಿಯು ಒಂದು ಪಕ್ಕಕ್ಕೆ ಎಳೆಯುವುದು.

ಚಳಿಯೆಂದು ಮುಚ್ಚಿದ ಕೊಟ್ಟಿಗೆಯೊಳಗೆ ಯಂತ್ರವನ್ನು ಓಡಿಸಿಟ್ಟು ಗಾಡಿಯನ್ನು ಒಣಗಿಸುವುದು ಪ್ರಾಣಾಪಾಯಕರವು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಉಸಿರಾಡಿದವನು ತಿಳಿಯದೆಯೇ ಮೂರ್ಛೆ ಹೋಗುವನು. ಯಂತ್ರದ ಅಡಿಯಲ್ಲಿ ಕೆಂಡವಿಟ್ಟು ಬೆಚ್ಚಗೆ ಮಾಡುವುದನ್ನೂ ಸಂಪೂರ್ಣವಾಗಿ ಬಿಡತಕ್ಕದ್ದು.

ದೀಪಗಳೂ ಕೆಂಪು ಬಿಲ್ಲೆಗಳೂ

ಮಾಗಿಯಲ್ಲಿ ಬೆಳಗಿನ ಮಂಜು ದಟ್ಟವಾಗಿರುವುದು. ಕಬ್ಬಿನ ಗಾಡಿಗಳು ರಾತ್ರಿಯಲ್ಲಿಯೂ ನಸುಕಿನಲ್ಲಿಯೂ ಸಂಚರಿಸುವುವು. ಹಿಂದಿನಿಂದ ಬರುವ ವಾಹನದವನಿಗೆ ಮುಂದೆ ಗಾಡಿಯಿರುವುದನ್ನು ತಿಳಿಸುವುದು ಟ್ರೈಲರಿನ ಹಿಂಭಾಗದ ದೀಪವೂ ಕೆಂಪು ಬಿಲ್ಲೆಗಳೂ ಮಾತ್ರವೇ. ಇವುಗಳ ಮೇಲೆ ಒಂದು ಪದರ ಧೂಳು ಕೂತರೆ ಇದ್ದೂ ಇಲ್ಲದಂತೆಯೇ ಸರಿ. ಇಡೀ ಗಾಡಿಯನ್ನು ತೊಳೆಯಲು ಸಮಯವಿಲ್ಲದ ದಿನವೂ, ದೀಪಗಳು, ಕೆಂಪು ಬಿಲ್ಲೆಗಳು, ಮುಂದಿನ ಗಾಜು, ಪಕ್ಕದ ಕನ್ನಡಿಗಳು, ನಂಬರಿನ ಹಲಗೆ, ಇವಿಷ್ಟನ್ನು ಒದ್ದೆ ಬಟ್ಟೆಯಿಂದ ಒರಸದೆ ಗಾಡಿಯನ್ನು ಅಂಗಳದಿಂದ ಹೊರಡಿಸಕೂಡದು. ಇದಕ್ಕೆ ಹಿಡಿಯುವ ಕಾಲವು ಐದು ನಿಮಿಷ, ನೀರು ಒಂದು ಚೊಂಬು. ಹೇರಿದ ಕಬ್ಬಿನ ಸೋಗೆಯು ಬಿಲ್ಲೆಗಳ ಮೇಲೆ ಜೋತುಬೀಳದಂತೆಯೂ ನೋಡಿಕೊಳ್ಳಬೇಕು.

ನೀರಿನ ಮಿತವ್ಯಯ ಮತ್ತು ತೊಳೆಯುವ ಸ್ಥಳ

ಕೊಳವೆಯಿಂದ ನೀರು ಬಿಟ್ಟುಕೊಂಡು ತೊಳೆಯುವವರು ಎಷ್ಟು ನೀರನ್ನು ಖರ್ಚುಮಾಡುವರೆಂಬುದನ್ನು ತಾವೇ ಪರೀಕ್ಷಿಸಿ ನೋಡಬಹುದು. 15 ಲೀಟರಿನ ಬಕೆಟ್ಟು ಒಂದು ನಿಮಿಷದಲ್ಲಿ ತುಂಬಿದರೆ, ಅರ್ಧ ಘಂಟೆಯಲ್ಲಿ 450 ಲೀಟರು ಹರಿದಂತಾಯಿತು. ಅದೇ ಕಾರನ್ನು ಬಕೆಟ್ಟು ಮತ್ತು ಬಟ್ಟೆಯಿಂದ ತೊಳೆದರೆ ಐದು ಬಕೆಟ್ಟು, ಎಂದರೆ 75 ಲೀಟರು ಸಾಕಾಗುವುದು. ಮಾಗಿಯಲ್ಲಿ ಉಳಿಸಿದ ನೀರೇ ಬೇಸಗೆಯಲ್ಲಿ ದೊರೆಯುವ ನೀರು. 2024ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ನೀರಿನ ಕ್ಷಾಮವುಂಟಾದಾಗ, ಕುಡಿಯುವ ನೀರಿನಿಂದ ವಾಹನಗಳನ್ನು ತೊಳೆಯಕೂಡದೆಂದು ಜಲಮಂಡಳಿಯು ಆಜ್ಞೆ ಹೊರಡಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಅಂತಹ ಸ್ಥಿತಿಯು ಹಳ್ಳಿಗಳಿಗೆ ಬರುವ ಮುನ್ನವೇ ಮಿತವ್ಯಯವನ್ನು ಕಲಿಯುವುದು ವಿವೇಕವು.

ಕೆರೆ, ಕಟ್ಟೆ, ಹೊಳೆಗಳಲ್ಲಿ ಟ್ರಾಕ್ಟರನ್ನು ಇಳಿಸಿ ತೊಳೆಯುವ ಅಭ್ಯಾಸವನ್ನು ಸರ್ವಥಾ ಬಿಡತಕ್ಕದ್ದು. ದನಕರುಗಳು ಕುಡಿಯುವ ನೀರಿನಲ್ಲಿ ಡೀಸೆಲೂ ಎಣ್ಣೆಯೂ ತೇಲುವುವು. ಔಷಧ ಸಿಂಪಡಿಸುವ ತೊಟ್ಟಿಯನ್ನು ಅಲ್ಲಿ ತೊಳೆದರೆ ಮೀನುಗಳು ಸಾಯುವುವು. ನೀರಿನ ಆಕರದಿಂದ ದೂರವಾಗಿ, ಸ್ವಲ್ಪ ಇಳಿಜಾರಾಗಿ ಕಲ್ಲು ಹಾಸಿದ ಒಂದು ಜಗಲಿಯನ್ನು ಕಟ್ಟಿಸಿ, ಅದರ ತಗ್ಗಿನ ಕಡೆಯಲ್ಲಿ ಮರಳು ಮತ್ತು ಜಲ್ಲಿ ತುಂಬಿದ ಗುಂಡಿಯನ್ನು ಮಾಡಿದರೆ ಕೆಸರೂ ಎಣ್ಣೆಯ ಜಿಡ್ಡೂ ಅಲ್ಲಿಯೇ ನಿಲ್ಲುವುವು. ಊರಿಗೆ ಇಂತಹ ಒಂದು ಜಗಲಿಯಿದ್ದರೆ ಹತ್ತಾರು ಗಾಡಿಗಳಿಗೆ ಉಪಯೋಗವಾಗುವುದು.

ಕಳೆಯ ಬೀಜವೂ ರೋಗದ ಮಣ್ಣೂ

ಗಾಡಿಯನ್ನು ತೊಳೆಯುವುದರಿಂದ ಆಗುವ ಪ್ರಯೋಜನವು ಗಾಡಿಗೆ ಮಾತ್ರವಲ್ಲ, ಭೂಮಿಗೂ ಇರುವುದು. ಒಬ್ಬರ ಹೊಲದ ಮಣ್ಣು ಚಕ್ರಕ್ಕೆ ಮೆತ್ತಿ ಇನ್ನೊಬ್ಬರ ಹೊಲಕ್ಕೆ ಹೋಗುವುದು. 1950ರ ದಶಕದಲ್ಲಿ ಪುಣೆಯ ಬಳಿ ಕಂಡುಬಂದು, ಈಗ ನಮ್ಮ ನಾಡನ್ನೆಲ್ಲಾ ಆವರಿಸಿರುವ ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಹುಲ್ಲಿನ ಒಂದೊಂದು ಗಿಡವೂ ಸಾವಿರಾರು ಸಣ್ಣ ಬೀಜಗಳನ್ನು ಬಿಡುವುದು. ಅವು ಕೆಸರಿನೊಡನೆ ಚಕ್ರಗಳಿಗೆ ಅಂಟಿ ಊರಿಂದೂರಿಗೆ ಸಾಗುವುವು. ಶುಂಠಿಯ ಕೊಳೆರೋಗ, ಬಾಳೆಯ ಸೊರಗು ರೋಗ ಮುಂತಾದುವುಗಳ ಬೀಜಾಣುಗಳೂ ಮಣ್ಣಿನೊಡನೆಯೇ ಪ್ರಯಾಣ ಮಾಡುವುವು. ಬಾಡಿಗೆಗೆ ಬರುವ ಟ್ರಾಕ್ಟರುಗಳನ್ನೂ ಬತ್ತ ಕೊಯ್ಯುವ ಯಂತ್ರಗಳನ್ನೂ ಒಂದು ಹೊಲದಿಂದ ಹೊರಡುವಾಗ ಆ ಹೊಲದ ಬದುವಿನಲ್ಲಿಯೇ ಗುಡಿಸಿ, ಚಕ್ರಗಳ ಮಣ್ಣನ್ನು ಕೆರೆದು, ಅನಂತರ ಮುಂದಿನ ಹೊಲಕ್ಕೆ ಬಿಡತಕ್ಕದ್ದು. ಬಾಡಿಗೆಯನ್ನು ಗೊತ್ತುಮಾಡುವಾಗಲೇ ಈ ಕರಾರನ್ನೂ ಮಾತನಾಡಿಕೊಳ್ಳುವುದು ಲೇಸು.

ಗ್ರಾಮದ ಮುಖಂಡರ ಕರ್ತವ್ಯ

ಹಳ್ಳಿಯಲ್ಲಿ ಹೊಸ ಅಭ್ಯಾಸಗಳು ಬರುವುದು ಬರವಣಿಗೆಯಿಂದಲ್ಲ, ಕಣ್ಣಿಗೆ ಕಾಣುವ ಉದಾಹರಣೆಯಿಂದ. ಗ್ರಾಮದ ಮುಖಂಡರೂ ದೊಡ್ಡ ಜಮೀನುದಾರರೂ ತಮ್ಮ ತಮ್ಮ ಮನೆಗಳಲ್ಲಿ ಮೊದಲು ಈ ಕ್ರಮವನ್ನು ಜಾರಿಗೆ ತಂದರೆ ಇತರರು ತಾವಾಗಿಯೇ ಅನುಸರಿಸುವರು. ತೊಳೆಯುವ ಜಗಲಿಯನ್ನು ಪಂಚಾಯಿತಿಯ ಮೂಲಕ ಕಟ್ಟಿಸುವುದು, ಕೆರೆಗೆ ಟ್ರಾಕ್ಟರು ಇಳಿಸುವುದನ್ನು ತಡೆಯುವುದು, ಕಬ್ಬಿನ ಗಾಡಿಗಳು ಹೊರಡುವ ಕಾಲದಲ್ಲಿ ಕೆಂಪು ಬಿಲ್ಲೆಯಿಲ್ಲದ ಟ್ರೈಲರುಗಳಿಗೆ ಅದನ್ನು ಹಾಕಿಸುವುದು, ಇವು ಅವರ ಕೈಯಲ್ಲಿರುವ ಕೆಲಸಗಳು. ಚಳಿಯಲ್ಲಿ ತೊಳೆಯುವ ಆಳುಗಳಿಗೆ ರಬ್ಬರಿನ ಕೈಚೀಲಗಳನ್ನು ಕೊಡಿಸಿ, ಬಿಸಿಲೇರಿದ ಮೇಲೆಯೇ ಕೆಲಸಕ್ಕೆ ಹಚ್ಚುವುದೂ ಯಜಮಾನರ ಧರ್ಮವಾಗಿರುವುದು. ಬಿಸಿಲಿನ ವೇಳೆಯು ಗಾಡಿಗೆ ಹೇಗೆ ಹಿತವೋ ಮನುಷ್ಯನಿಗೂ ಹಾಗೆಯೇ ಹಿತವು.

ಮೇಲೆ ಹೇಳಿದುದರ ಸಾರಾಂಶವಿಷ್ಟು. ಇಬ್ಬನಿಯು ನೆನೆಸುವುದೇ ಹೊರತು ತೊಳೆಯುವುದಿಲ್ಲವಾದುದರಿಂದ ಚಳಿಗಾಲದಲ್ಲಿ ಗಾಡಿಯನ್ನು ತಪ್ಪದೆ ತೊಳೆಯಬೇಕು. ಗೊಬ್ಬರ ಹೇರಿದ ಗಾಡಿಯನ್ನು ರಾತ್ರಿಗೆ ಮುಂಚೆ ಗುಡಿಸಬೇಕು. ಯಂತ್ರವು ತಣ್ಣಗಾದ ಮೇಲೆ, ಬಿಸಿಲೇರಿದ ವೇಳೆಯಲ್ಲಿ, ಅಡಿಯಿಂದ ಮೊದಲು ಮಾಡಿ, ಮಿತವಾದ ನೀರಿನಲ್ಲಿ ತೊಳೆದು, ಸಂಜೆಗೆ ಮುಂಚೆ ಒಣಗಿಸಿ ಗ್ರೀಸು ತುಂಬಬೇಕು. ದೀಪಗಳನ್ನೂ ಕೆಂಪು ಬಿಲ್ಲೆಗಳನ್ನೂ ಪ್ರತಿದಿನವೂ ಒರಸಬೇಕು. ಇಷ್ಟನ್ನು ನಡೆಸಿದರೆ, ಸಾಲದ ಕೊನೆಯ ಕಂತು ತೀರುವ ಮುನ್ನವೇ ಗಾಡಿಯು ಗುಜರಿಗೆ ಹೋಗುವ ದುಃಸ್ಥಿತಿಯು ತಪ್ಪಿ, ಯಂತ್ರವು ಬಹುಕಾಲ ಒಡೆಯನ ಕೈಯಲ್ಲಿ ದುಡಿಯುವುದರಲ್ಲಿ ಸಂದೇಹವಿಲ್ಲ.